ದೋಣಿಯಲ್ಲಿ ಅವಳ ಜಾಗ

ಕತ್ತರಿ ಆಗಲೇ ಕೋಟಿನ ಎಡ ಭುಜವನ್ನು ದಾಟಿ ಎದೆಯತ್ತ ಇಳಿದಿತ್ತು!

ಉದ್ದಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಹೆಗಲ ಮೇಲಿದ್ದ ಚೀಲ ಜಾರಿ ನೆಲಕ್ಕೆ ಬಿದ್ದದ್ದೂ ಅವಳಿಗೆ ತಿಳಿಯಲಿಲ್ಲ. ನಡುಮನೆಯ ಹೊಲಿಗೆ ಮೇಜಿನ ಮೇಲೆ, ಗಿರಾಕಿಗಳ ಪ್ಯಾಂಟು ಲಂಗಗಳ ರಾಶಿಯ ಪಕ್ಕದಲ್ಲಿ, ಅವಳ ಕಡುನೀಲಿ ಕೋಟು ಅಂಗಾತ ಮಲಗಿತ್ತು. ಎದೆಯ ಮೇಲೆ ದೇಶದ ಲಾಂಛನವಿದ್ದ ಕೋಟು... ಮೊದಲ ಸಲ ದೇಶದ ತಂಡಕ್ಕೆ ಆಯ್ಕೆಯಾದಾಗ ಅದನ್ನು ತೊಟ್ಟು, ಮನೆಯ ಕನ್ನಡಿ ಸಾಲದೆ ಅಂಗಡಿಬೀದಿಯ ಗಾಜುಗಳಲ್ಲೆಲ್ಲ ತನ್ನನ್ನು ತಾನು ಕದ್ದು ನೋಡಿಕೊಂಡು ಬಂದಿದ್ದಳು. ಈಗ ಅದರ ಒಂದು ತೋಳು ಕುರ್ಚಿಯ ಬೆನ್ನಿನ ಮೇಲೆ ಜೋತುಬಿದ್ದಿತ್ತು.

"ಅತ್ತೆ! ಏನ್ ಮಾಡ್ತಿದ್ದೀರಿ ನೀವು!"

ಅತ್ತೆ ತಲೆ ಎತ್ತಲಿಲ್ಲ. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದು ಮೆತ್ತೆಗೆ ಚುಚ್ಚಿ, ಆಮೇಲೆ ನಿಧಾನವಾಗಿ ಹೇಳಿದರು. "ಮಗೂಗೆ ಚಳಿಗಾಲಕ್ಕೆ ಕೋಟು ಬೇಡ್ವಾ? ಹೋದ ವರ್ಷದ್ದು ಮೊಣಕೈಗೆ ಬಂದಿದೆ. ಶಾಲೆ ಮೇಡಂ ಹೇಳಿ ಹೇಳಿ ಸಾಕಾದ್ರು. ನಿನಗೆ ಹೇಳ್ತಾರಾ? ನೀನು ಸದಾ ನೀರಿನ ಮೇಲಿರ್ತೀಯಲ್ಲ... ನನಗೇ ಹೇಳಿದ್ದು."

"ಅದಕ್ಕೆ ಇದನ್ನೇನಾ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಕೊಡ್ತಿದ್ಯಾ? ಪೆಟ್ಟಿಗೆಯಲ್ಲಿ ಹುಳ ತಿನ್ನೋ ಬದಲು ಮಗು ಮೈ ಬೆಚ್ಚಗಿರಲಿ. ಬಟ್ಟೆ ಏನೋ ಚೆನ್ನಾಗಿದೆ. ಚೆನ್ನಾಗಿರದೆ ಏನು, ಅದರ ದುಡ್ಡು ಕಟ್ಟಿದೋನು ನನ್ನ ಮಗ. ನಿನ್ನ ದೇಶ ಅಲ್ಲ!"

ಅತ್ತೆಯ ಮಾತು ಸುಳ್ಳಾಗಿದ್ದರೆ ಉದ್ದಕ್ಕ ಕೂಗಾಡಿ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಆದರೆ ಅದು ನಿಜ! ದೇಶಕ್ಕಾಗಿ ಆಡುವವರು ದೇಶದ ಕೋಟನ್ನು ತಮ್ಮ ದುಡ್ಡಿನಿಂದಲೇ ಕೊಳ್ಳಬೇಕು ಅನ್ನುವುದು ದೋಣಿ ಸ್ಪರ್ಧೆ ನಡೆಸುವ ಒಕ್ಕೂಟದ ಪದ್ಧತಿ. ಅಷ್ಟರಲ್ಲಿ ಗಂಡ ಡಿಪೋದಿಂದ ಬಂದ. ಅವನು ನಗರದ ಬಸ್ಸುಗಳ ಮೆಕ್ಯಾನಿಕ್ಕು, ಉಗುರಿನ ಸಂದಿಯ ಎಣ್ಣೆ ಯಾವ ಸೋಪಿಗೂ ಹೋಗುವಂಥದ್ದಲ್ಲ. ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಮೇಜಿನ ಮೇಲಿನ ಕೋಟನ್ನೂ ನೋಡಿದ. ಎಲ್ಲ ಅರ್ಥವಾದರೂ ಏನೂ ಅರ್ಥವಾಗದವನಂತೆ, "ಎಲ್ಲರದೂ ಊಟ ಆಯ್ತಾ?" ಎಂದ. ಕೈತೊಳೆಯಲು ಬಚ್ಚಲಿಗೆ ಹೋದವನು ಬಹಳ ಹೊತ್ತು ಹೊರಗೆ ಬರಲೇ ಇಲ್ಲ.

ಮಾರನೆಯ ದಿನ ಮಗಳು ಆ ಕೋಟು ತೊಟ್ಟು ಶಾಲೆಗೆ ಹೊರಟಾಗ ಗುಂಡಿ ಹಾಕಿದವಳು ಉದ್ದಕ್ಕನೇ. "ಅಮ್ಮ, ಚುಚ್ಚಲ್ಲ, ತುಂಬಾ ಮೆತ್ತಗಿದೆ!" ಎಂದು ಕುಣಿಯುತ್ತಿದ್ದ ಮಗುವಿನ ಕೆನ್ನೆಗೆ ಮುತ್ತಿಟ್ಟು ಮುಖ ಅತ್ತ ತಿರುಗಿಸಿಕೊಂಡಳು. ಅತ್ತೆಯ ಹೊಲಿಗೆಗೆ ಎರಡು ಮಾತಿಲ್ಲ... ಅಷ್ಟು ಚೆನ್ನಾಗಿ ಕೂತಿತ್ತು!

ಓಣಿಯವರೆಲ್ಲ ಅವಳನ್ನು ಉದ್ದಕ್ಕ ಎಂದೇ ಕರೆಯುತ್ತಿದ್ದರು. ಬಾಗಿಲ ಮೇಲಿನ ಅಡ್ಡಪಟ್ಟಿಗೆ ತಲೆ ತಗಲುವಷ್ಟು ಎತ್ತರದ ಹೆಣ್ಣು. ಅದೇ ಎತ್ತರ ನೋಡಿ ಶಾಲೆಯ ದಿನಗಳಲ್ಲಿ ಯಾರೋ ಮೇಷ್ಟ್ರು ಅವಳನ್ನು ಊರಾಚೆಯ ಜಲಾಶಯಕ್ಕೆ ಕರೆದೊಯ್ದು ದೋಣಿಯಲ್ಲಿ ಕೂರಿಸಿದ್ದರು. ಕೂತವಳು ಮತ್ತೆ ಏಳಲಿಲ್ಲ. ನಾಲ್ವರು ಹೆಂಗಸರು ಹುಟ್ಟು ಹಾಕುವ ಉದ್ದನೆಯ ಸಪೂರ ದೋಣಿ, ಅದರಲ್ಲಿ ಲಯ ಕೊಡುವ ಜಾಗ ಅವಳದು. ಉಳಿದ ಮೂವರೂ ಅವಳ ಬೆನ್ನನ್ನೇ ನೋಡುತ್ತ, ಅವಳು ಬಾಗಿದಾಗ ಬಾಗಿ, ಎಳೆದಾಗ ಎಳೆಯಬೇಕು. "ಅಕ್ಕನ ಮುಖಕ್ಕಿಂತ ಬೆನ್ನೇ ನಮಗೆ ಹೆಚ್ಚು ಪರಿಚಯ" ಎಂದು ಹುಡುಗಿಯರು ನಗುತ್ತಿದ್ದರು. ಆ ಬೆನ್ನು ಸಿಟ್ಟಾಗಿದೆಯೋ, ಅತ್ತು ಬಂದಿದೆಯೋ ಅನ್ನುವುದು ಎರಡು ಎಳೆತದಲ್ಲೇ ಅವರಿಗೆ ತಿಳಿದುಹೋಗುತ್ತಿತ್ತು.

ಬೆಳಗು ಹರಿಯುವ ಮೊದಲೇ ಜಲಾಶಯ, ಮಧ್ಯಾಹ್ನ ಸೂಪರ್ ಮಾರ್ಕೆಟ್ಟಿನ ಗೋದಾಮಿನಲ್ಲಿ ಡಬ್ಬಿಗಳನ್ನು ಜೋಡಿಸುವ ಕೆಲಸ, ಸಂಜೆ ಮತ್ತೆ ಕಸರತ್ತು. ಮನೆಗೆ ಬರುವ ಹೊತ್ತಿಗೆ ಮಗಳು ಅಜ್ಜಿಯ ಮಗ್ಗುಲಲ್ಲಿ ನಿದ್ದೆ ಹೋಗಿರುತ್ತಿದ್ದಳು. ಇಷ್ಟೆಲ್ಲ ಮಾಡಿದರೂ ಒಕ್ಕೂಟದ ಪ್ರಕಾರ ಅವಳು 'ಹವ್ಯಾಸಿ'. ಹವ್ಯಾಸ! ಹೊತ್ತು ಹೋಗದವರ ಕೆಲಸಕ್ಕೆ ಇಡುವ ಹೆಸರು... ಸಂಬಳ ಕೇಳಿದರೆ ಆಟದ ಪಾವಿತ್ರ್ಯ ಕೆಡುತ್ತದಂತೆ. ಜಲಾಶಯದ ದಂಡೆಯ ಮೇಲೆ ಸರ್ಕಾರದ ದುಡ್ಡಿನಲ್ಲಿ ಗಾಜಿನ ಗ್ಯಾಲರಿ ಎದ್ದಿತ್ತು. ಕೋಚ್‌ಗೆ ಸಂಬಳ, ಕಾವಲುಗಾರನಿಗೆ ಸಂಬಳ, ದೋಣಿಗೆ ಬಣ್ಣ ಬಳಿಯುವವನಿಗೂ ಸಂಬಳ, ಒಕ್ಕೂಟದ ಕಾರ್ಯದರ್ಶಿಗೆ ಕಾರು ಬೇರೆ. ದೋಣಿಯನ್ನು ಎಳೆಯುವವರಿಗೆ ಮಾತ್ರ ಚಪ್ಪಾಳೆ!

ಆ ವರ್ಷ ಅವರ ದೋಣಿ ದೊಡ್ಡದೊಂದು ಪಂದ್ಯ ಗೆದ್ದಿತು. ಹೂಹಾರ, ಫೋಟೋ, ತೆರೆದ ಜೀಪಿನಲ್ಲಿ ಮೆರವಣಿಗೆ. ವಿಶ್ವ ಸ್ಪರ್ಧೆಯ ಬಾಗಿಲು ತೆರೆದಿದೆ, ಇನ್ನೊಂದು ಆಯ್ಕೆ ಸ್ಪರ್ಧೆ ದಾಟಿದರೆ ಸಾಕು ಎಂದು ಭಾಷಣವಾಯಿತು. ಉದ್ದಕ್ಕ ಕೊರಳಿನ ಹಾರವನ್ನು ಚೀಲಕ್ಕೆ ತುರುಕಿಕೊಂಡು ನೇರ ಗೋದಾಮಿಗೆ ಓಡಿದಳು. ಅಂಗಡಿಯ ಬಾಗಿಲಲ್ಲೇ ಅವಳ ದೊಡ್ಡ ಚಿತ್ರ ತೂಗುಹಾಕಿದ್ದರು, ಕೆಳಗೆ 'ನಮ್ಮ ಹೆಮ್ಮೆ' ಎಂಬ ಬರಹ. ಮ್ಯಾನೇಜರು ಅದೇ ಚಿತ್ರದ ಕೆಳಗೆ ನಿಂತು, ಅವಳ ಕಣ್ಣು ತಪ್ಪಿಸುತ್ತ ಹೇಳಿದ.

"ತಪ್ಪು ತಿಳ್ಕೋಬೇಡಿ. ನಿಮ್ಮ ಮೇಲೆ ನನಗೆ ತುಂಬಾ ಗೌರವ. ಆದ್ರೆ ಇಷ್ಟೊಂದು ರಜಾ ಹಾಕಿದ್ರೆ ಗೋದಾಮು ನಡೆಸೋದು ಹೇಗೆ ಹೇಳಿ? ಬೇರೆಯವರನ್ನ ತಗೊಂಡಾಯ್ತು..."

"ಹಾಗಾದ್ರೆ ಆ ಚಿತ್ರ?"

"ಅದು ಇರ್ಲಿ ಬಿಡಿ. ಜನಕ್ಕೆ ಖುಷಿ."

ಉದ್ದಕ್ಕನಿಗೆ ನಗು ಬಂತು. ನಗುತ್ತ ನಗುತ್ತಲೇ ಕಣ್ಣು ತುಂಬಿತು. ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ ಹೊಲಿಗೆ ಯಂತ್ರದ ಚಕ್ರ ಹಿಡಿದು ನಿಲ್ಲಿಸಿ, "ಇನ್ನು ಮೇಲೆ ನನ್ನ ಮಗ ಮೂರನೇ ಪಾಳಿನೂ ಮಾಡ್ಬೇಕಾ?" ಎಂದರು. ಮತ್ತೆ ಚಕ್ರ ತಿರುಗಿತು. ಆ ಮನೆಯಲ್ಲಿ ಜಗಳ ಅಂದರೆ ಅಷ್ಟೇ. ಜೋರಾಗಿ ಜಗಳವಾಡುವುದಕ್ಕೂ ಯಾರಿಗೂ ತ್ರಾಣ ಉಳಿದಿರಲಿಲ್ಲ.

ಹೀಗಿರುವಾಗ ಗುಬ್ಬಿಗೆ ಪೆಟ್ಟಾಯಿತು.

ಗುಬ್ಬಿ ಅಂದರೆ ನಾಲ್ವರಲ್ಲಿ ಕಿರಿಯವಳು, ದೋಣಿಯಲ್ಲಿ ಎಲ್ಲರ ಹಿಂದೆ, ಆ ತುದಿಯಲ್ಲಿ ಕೂರುವ ಹುಡುಗಿ. ತಂದೆತಾಯಿ ಇಲ್ಲ. ಹಾಸ್ಟೆಲ್ಲೊಂದರಲ್ಲಿ ನೆಲ ಒರೆಸಿ, ಅದರ ಬದಲಿಗೆ ಅಲ್ಲೇ ಒಂದು ಮೂಲೆಯಲ್ಲಿ ಮಲಗುತ್ತಿದ್ದಳು. ಕೆಲವು ವಾರಗಳಿಂದ ಪಕ್ಕೆ ನೋಯುತ್ತಿದ್ದರೂ ಯಾರಿಗೂ ಹೇಳದೆ, ಬಟ್ಟೆ ಸುತ್ತಿ ಬಿಗಿದುಕೊಂಡು ಹುಟ್ಟು ಹಾಕುತ್ತಿದ್ದಳಂತೆ. ಒಂದು ಬೆಳಿಗ್ಗೆ ದೋಣಿ ವೇಗ ಹಿಡಿಯುವ ಹೊತ್ತಿಗೆ ಹಿಂದಿನಿಂದ ಸಣ್ಣದೊಂದು ಚೀರು... ಉದ್ದಕ್ಕ ತಿರುಗಿ ನೋಡಿದಾಗ ಹುಡುಗಿ ಹುಟ್ಟಿನ ಮೇಲೆ ಬಿದ್ದಿದ್ದಳು. ಮುಖ ಸುಣ್ಣ! ಡಾಕ್ಟರು ಪಕ್ಕೆಲುಬು ಬಿರುಕು ಬಿಟ್ಟಿದೆ ಎಂದರು. ವಿಶ್ರಾಂತಿ ಬೇಕು, ಹೊಟ್ಟೆತುಂಬ ಊಟ ಬೇಕು, ಈ ಹುಡುಗಿ ಸರಿಯಾಗಿ ತಿಂದು ಎಷ್ಟು ದಿನವಾಯಿತು ಎಂದು ಗದರಿದರು. ಆಸ್ಪತ್ರೆಯ ಖರ್ಚಿಗೆ ಒಕ್ಕೂಟವನ್ನು ಕೇಳಿದರೆ ಬಂದದ್ದು ಒಂದೇ ಸಾಲಿನ ಉತ್ತರ. ಹವ್ಯಾಸಿಗಳ ಆರೋಗ್ಯ ಅವರವರ ಹೊಣೆ.

ಪೆಟ್ಟಾದವಳಿಗೆ ನೆಲ ಒರೆಸಲು ಆಗುವುದಿಲ್ಲ, ಒರೆಸದವಳಿಗೆ ಹಾಸ್ಟೆಲ್ಲಿನಲ್ಲಿ ಜಾಗವಿಲ್ಲ. ಉದ್ದಕ್ಕ ಬೇರೆ ದಾರಿ ಕಾಣದೆ ಅವಳನ್ನು ಮನೆಗೇ ಕರೆತಂದಳು. ಅತ್ತೆ ಕನ್ನಡಕವನ್ನು ಹಣೆಗೇರಿಸಿ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇದ್ದ ಒಂದು ದೋಣಿ ಸಾಲ್ದು ಅಂತ ಇನ್ನೊಂದನ್ನ ತಂದ್ಯಾ?"

"ಸ್ವಲ್ಪ ದಿನ ಅಷ್ಟೇ ಅತ್ತೆ..."

"ಇದೇನೇ ಇದು, ಗಾಳಿ ಬೀಸಿದ್ರೆ ಹಾರಿ ಹೋಗೋ ಹಾಗಿದೆ. ಇದು ದೇಶ ಗೆಲ್ಲಿಸಿದ್ದಾ?" ಎಂದು ಗೊಣಗಿದ ಅತ್ತೆ ಒಳಗೆ ಹೋಗಿ ತಮ್ಮ ಹಾಸಿಗೆಯನ್ನೇ ಕೊಡವಿ ಹಾಸಿದರು. ಆಮೇಲಿನ ದಿನಗಳಲ್ಲಿ ಬೈಗುಳಕ್ಕೇನೂ ಕೊರತೆಯಾಗಲಿಲ್ಲ. ಆದರೆ ಬೈಯುತ್ತಲೇ ಅವಳ ತಲೆಯಡಿ ದಿಂಬು ಸರಿಪಡಿಸುತ್ತಿದ್ದರು. ಬಿಸಿನೀರಿನ ಚೀಲ ಆರದಂತೆ ನೋಡಿಕೊಳ್ಳುತ್ತಿದ್ದರು. ತಟ್ಟೆಯಲ್ಲಿ ಒಂದು ತುತ್ತು ಉಳಿದರೂ ಎದುರಿಗೇ ಕೂತು ಬಿಡುತ್ತಿದ್ದರು. ಗುಬ್ಬಿ ಹೆದರಿ ತಿನ್ನುತ್ತಿದ್ದಳೋ ಹಸಿದು ತಿನ್ನುತ್ತಿದ್ದಳೋ, ಅಂತೂ ಮುಖಕ್ಕೆ ಬಣ್ಣ ಬಂತು.

ಆ ಹುಡುಗಿಯ ಹಾಸಿಗೆಯ ಸುತ್ತ ಕೂತೇ ನಾಲ್ವರೂ ತೀರ್ಮಾನ ಮಾಡಿದ್ದು. ದೇಶಕ್ಕೆ ಹುಟ್ಟು ಹಾಕುವವರಿಗೆ ತಿಂಗಳ ಸಂಬಳ ಮತ್ತು ಚಿಕಿತ್ಸೆ ಸಿಗುವವರೆಗೆ ಯಾರೂ ದೋಣಿ ಹತ್ತುವುದಿಲ್ಲ. ಆಯ್ಕೆ ಸ್ಪರ್ಧೆಗೆ ಗುಬ್ಬಿಯ ಜಾಗದಲ್ಲಿ ಕೂರಲು ಸಿದ್ಧವಾಗಿದ್ದ ಬದಲಿ ಹುಡುಗಿಯೂ ಒಪ್ಪಿದಳು. ಸಂಬಳವಿಲ್ಲದೆ ಇನ್ನು ಮುಂದೆ ಯಾರನ್ನೂ ಆಡಿಸಬಾರದು. ಇದು ಉದ್ದಕ್ಕನ ಬಾಯಿಂದಲೇ ಬಂದ ಮಾತು. ಪತ್ರಿಕೆಯವರು ಬರೆದುಕೊಂಡರು. ಕೆಲವರು ಹೊಗಳಿದರು, ಕೆಲವರು ದೇಶದ್ರೋಹ ಎಂದರು. ನಿನ್ನೆ ಹಾರ ಹಾಕಿದವರೇ ಇವತ್ತು ಎದುರು ಸಿಕ್ಕರೆ ರಸ್ತೆ ದಾಟಿ ಆಚೆ ಹೋಗತೊಡಗಿದರು.

ಆಯ್ಕೆ ಸ್ಪರ್ಧೆಗೆ ಒಂದೇ ದಿನ ಉಳಿದಿದ್ದಾಗ, ಮಧ್ಯಾಹ್ನ, ಕಾರ್ಯದರ್ಶಿ ಮನೆಗೇ ಬಂದ. ಕೈಯಲ್ಲಿ ಹೂಗುಚ್ಛ. ಕೂರಲು ಜಾಗವಿಲ್ಲದೆ ಬಟ್ಟೆಯ ರಾಶಿಯ ಪಕ್ಕದ ಸ್ಟೂಲಿನ ಮೇಲೆ ಕೂತ. ಅತ್ತೆ ಯಂತ್ರ ನಿಲ್ಲಿಸಲಿಲ್ಲ. ಆತ ಬಾಯಿ ತೆರೆದಾಗಲೆಲ್ಲ ಗಡಗಡ ಸದ್ದು, ಮತ್ತೆ ಮೊದಲಿನಿಂದ ಹೇಳಬೇಕು.

"ನೋಡಮ್ಮ, ನೀನು ನನ್ನ ಮಗಳಿದ್ದ ಹಾಗೆ," ಎಂದು ದನಿ ಏರಿಸಿದ. "ನನಗೂ ನಿಮ್ಮ ಕಷ್ಟ ಗೊತ್ತು. ಆದ್ರೆ ಇದು ದಾರಿ ಅಲ್ಲ. ಕ್ರೀಡಾ ಇಲಾಖೆಯಲ್ಲಿ ಒಂದು ಹುದ್ದೆ ಖಾಲಿ ಇದೆ. ಖಾಯಂ ಕೆಲಸ, ಪಿಂಚಣಿನೂ ಉಂಟು. ನಿನ್ನ ಹೆಸರು ಬರೆಸ್ತೀನಿ. ನಾಳೆ ನೀನು ಬಂದು ದೋಣಿಯಲ್ಲಿ ಕೂತ್ರೆ ಸಾಕು."

"ಉಳಿದವರು?"

"ನೀನು ಕೂತ್ರೆ ಅವರೂ ಕೂರ್ತಾರೆ. ನಿನ್ನ ಬೆನ್ನು ನೋಡಿ ನಡೆಯೋರು ತಾನೇ ಅವರು!"

"ಅವರಿಗೂ ಕೆಲಸ ಉಂಟಾ ಸಾರ್?"

ಕಾರ್ಯದರ್ಶಿ ನಕ್ಕ. ಆ ನಗುವಿನಲ್ಲೇ ಉತ್ತರವಿತ್ತು. "ಎಲ್ಲರನ್ನೂ ಹೊತ್ಕೊಳ್ಳೋಕೆ ಆಗುತ್ತಾ? ಮೊದಲು ನಿನ್ನ ಮನೆ ನೋಡ್ಕೋ. ನಿನ್ನ ವಯಸ್ಸಿಗೆ ಇನ್ನೆಷ್ಟು ದಿನ ಈ ಹುಟ್ಟು, ಈ ನೀರು... ಯೋಚನೆ ಮಾಡು." ಎದ್ದು ನಿಂತ. ಹೂಗುಚ್ಛ ಇಡಲು ಜಾಗ ಹುಡುಕಿ, ಸಿಗದೆ, ಬಾಗಿಲ ಬಳಿ ನಿಂತಿದ್ದ ಅವಳ ಗಂಡನ ಕೈಗೇ ಕೊಟ್ಟು ಹೋದ.

ಕಾರಿನ ಸದ್ದು ದೂರವಾಯಿತು. ಗಂಡ ಹೂ ಹಿಡಿದುಕೊಂಡೇ ನಿಂತಿದ್ದ. ಆಮೇಲೆ, ತಗ್ಗಿದ ದನಿಯಲ್ಲಿ ಹೇಳಿದ. "ಒಪ್ಕೋ."

"ಏನಂದ್ರಿ?"

"ಒಪ್ಕೋ ಅಂದೆ." ದನಿ ಒಡೆಯಿತು. "ಇಷ್ಟು ವರ್ಷ ನಾನು ನಿನಗೆ ಬೇಡ ಅಂದಿದ್ದೀನಾ? ಒಂದೇ ಒಂದು ಸಲ? ಈಗ ಕೇಳ್ತಿದ್ದೀನಿ. ನನ್ನ ಕೈಲಿ ಆಗ್ತಿಲ್ಲ ಕಣೆ... ಮೊನ್ನೆ ಬಸ್ಸಿಗೆ ಆಸರೆ ಕೊಡೋದನ್ನೇ ಮರೆತು ಅದರ ಕೆಳಗೆ ಇಳಿಯೋಕೆ ಹೋಗಿದ್ದೆ. ಪಕ್ಕದೋನು ಕಾಲರ್ ಹಿಡಿದು ಎಳೆದ. ಒಂದು ಕ್ಷಣ ತಡ ಆಗಿದ್ರೆ... ನಿನಗೆ ಹೇಳ್ಬಾರ್ದು ಅಂದ್ಕೊಂಡಿದ್ದೆ."

ಉದ್ದಕ್ಕ ಗೋಡೆಗೆ ಒರಗಿ ಕೂತಳು. ಇಷ್ಟು ವರ್ಷ ತಾನೊಬ್ಬಳೇ ಎಳೆಯುತ್ತಿದ್ದೇನೆ ಅಂದುಕೊಂಡಿದ್ದಳಲ್ಲ! ಈ ಮನುಷ್ಯ ಒಂದು ಮಾತಾಡದೆ ತನ್ನ ಜೊತೆ ಎಳೆದು ಎಳೆದು ಸಾವಿನ ಬಾಯಿಯವರೆಗೆ ಹೋಗಿ ಬಂದಿದ್ದ... ಅವಳು "ಆಯ್ತು" ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಕೋಣೆಯ ಬಾಗಿಲು ಕಿರುಗುಟ್ಟಿತು. ಪಕ್ಕೆಯನ್ನು ಒಂದು ಕೈಯಿಂದ ಒತ್ತಿ ಹಿಡಿದುಕೊಂಡು ಗುಬ್ಬಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಹೋಗಿ ಅಕ್ಕ," ಎಂದಳು. "ನಾವ್ಯಾರೂ ಏನೂ ಅಂದ್ಕೊಳ್ಳಲ್ಲ. ದೇವರಾಣೆ ಅಂದ್ಕೊಳ್ಳಲ್ಲ."

ಬೈದಿದ್ದರೆ ಸಹಿಸಬಹುದಿತ್ತು. ಶಪಿಸಿದ್ದರೆ ಇನ್ನೂ ಒಳ್ಳೆಯದಿತ್ತು! ಉದ್ದಕ್ಕ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ನಲ್ಲಿ ತಿರುಗಿಸಿ ನೀರು ಬಿಟ್ಟಳು, ಅಳುವ ಸದ್ದು ಹೊರಗೆ ಕೇಳಬಾರದೆಂದು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಂದು ಕೈ ಬಂದು ನಲ್ಲಿಯನ್ನು ನಿಲ್ಲಿಸಿತು.

"ನೀರು ಯಾಕೆ ದಂಡ ಮಾಡ್ತೀಯ? ಅಳೋದಿದ್ರೆ ಹಾಗೇ ಅಳು," ಎಂದರು ಅತ್ತೆ.

"ನೀವೂ ಹೇಳಿಬಿಡಿ ಅತ್ತೆ. ಒಪ್ಕೋ ಅಂತ ಹೇಳಿಬಿಡಿ. ನೀವು ಹೇಳಿದ್ರೆ ಒಪ್ಕೋತೀನಿ."

ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿದರು. ಮಗನ ಮಾತು ಕೇಳಿದ ಮೇಲೆ ಆ ಮುದುಕಿಯ ಮುಖದಲ್ಲಿ ರಕ್ತವೇ ಇರಲಿಲ್ಲ. "ನನಗೆ ಆ ಕೆಲಸ ಬೇಕು ಕಣೆ," ಎಂದರು ನಿಧಾನವಾಗಿ. "ಎಷ್ಟು ಬೇಕು ಅಂದ್ರೆ, ಅವನು ಪಿಂಚಣಿ ಅಂದಾಗ ನನ್ನ ಕಾಲು ಪೆಡಲ್ ಮೇಲೆ ನಡುಗ್ತಿತ್ತು. ಅದಕ್ಕೇ ಜೋರಾಗಿ ತುಳಿದೆ. ನನ್ನ ಮಗ ಸಾಯ್ತಿದ್ದಾನೆ, ನನಗೆ ಬೇಡ್ವಾ? ಆದ್ರೆ ನಾಳೆ ಆ ಸಂಬಳದ ಅನ್ನ ಬೇಯಿಸಿ, ಈ ಹುಡುಗಿ ಎದುರಿಗಿಟ್ಟು, ತಿನ್ನು ಅಂತ ನಾನೇ ಹೇಳ್ಬೇಕಲ್ಲ... ಅದು ಹೇಗೆ ಹೇಳ್ಲಿ? ಬೇಡ, ನನ್ನ ಬಾಯಿಂದ ಏನೂ ಹೇಳಿಸ್ಬೇಡ. ನಿನಗೆ ತೋಚಿದ್ದು ಮಾಡು. ಅವನಿಗೆ ನಾನು ಹೇಳ್ಕೋತೀನಿ. ಒಂದು ಪಾಳಿ ಬಿಡಿಸೋಣ. ಮಿಕ್ಕಿದ್ದಕ್ಕೆ ನನ್ನ ಹೊಲಿಗೆ ಇದೆ, ಕಣ್ಣು ಇರೋವರೆಗೆ."

ಇಷ್ಟು ವರ್ಷದಲ್ಲಿ ಅತ್ತೆ ಅವಳ ಹತ್ತಿರ ಅಷ್ಟು ಮಾತಾಡಿದ್ದು ಅದೇ ಮೊದಲು.

ಮಾರನೆಯ ದಿನ ಆಯ್ಕೆ ಸ್ಪರ್ಧೆಗೆ ದೋಣಿ ನೀರಿಗಿಳಿಯಲಿಲ್ಲ. ನಾಲ್ವರೂ ದಂಡೆಯ ಮೇಲೆ ಕೈಕಟ್ಟಿ ನಿಂತಿದ್ದರು, ಗುಬ್ಬಿ ಪಟ್ಟಿ ಸುತ್ತಿಕೊಂಡೇ ಬಂದಿದ್ದಳು. ಗ್ಯಾಲರಿಯ ಗಾಜಿನ ಹಿಂದೆ ದೊಡ್ಡವರೆಲ್ಲ ಕೂತು ಖಾಲಿ ನೀರು ನೋಡಿದರು. ಆ ಖಾಲಿ ನೀರಿನ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು. ಕೊನೆಗೆ ಸರ್ಕಾರದ ಕ್ರೀಡಾ ಮಂಡಳಿ ಅವರನ್ನು ವಿಚಾರಣೆಗೆ ಕರೆಯಿತು.

ಉದ್ದನೆಯ ಸಭಾಂಗಣ, ಉದ್ದನೆಯ ಮೇಜು. ನಡುವೆ ಅಧ್ಯಕ್ಷೆ, ಕಣ್ಣಿನ ಕೆಳಗೆ ಕಪ್ಪು ಕಟ್ಟಿದ್ದ ಹೆಂಗಸು. ಪಕ್ಕದಲ್ಲಿ ಕಾರ್ಯದರ್ಶಿ. ಉದ್ದಕ್ಕ ಎದ್ದು ನಿಂತಳು. ರಾತ್ರಿಯೆಲ್ಲ ಕಲಿತುಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು.

"ನಾವು ಐಷಾರಾಮ ಕೇಳ್ತಿಲ್ಲ ಮೇಡಂ," ಎಂದಳು. "ದೋಣಿಗೆ ಬಣ್ಣ ಬಳಿಯೋರಿಗೆ ಸಂಬಳ ಕೊಡ್ತೀರಿ, ಒಳ್ಳೇದು, ಅವರಿಗೂ ಮನೆ ಇದೆ. ನಮಗೂ ಇದೆ. ನಾವು ಗೆದ್ದಾಗ ದೇಶ ಗೆದ್ದಿತು ಅಂತೀರಿ. ಪಕ್ಕೆಲುಬು ಮುರಿದಾಗ ಮಾತ್ರ ಅದು ಗುಬ್ಬಿಯದು! ನನ್ನ ಹಿಂದೆ ನನ್ನ ಗಂಡ ಇದ್ದಾನೆ, ಅತ್ತೆ ಇದ್ದಾರೆ. ಅವರು ಮೈ ಮುರಿದು ದುಡಿದು ನನ್ನನ್ನ ನಿಮಗೆ ಕಳಿಸಿಕೊಟ್ಟಿದ್ದಾರೆ. ಈ ಹುಡುಗಿ ಹಿಂದೆ ಯಾರೂ ಇಲ್ಲ. ಯಾರೂ ಇಲ್ಲದೋರು ದೇಶಕ್ಕೆ ಆಡಬಾರದಾ?"

ಅಧ್ಯಕ್ಷೆ ಅಕ್ಕಪಕ್ಕದವರೊಂದಿಗೆ ಬಹಳ ಹೊತ್ತು ಪಿಸುಗುಟ್ಟಿದರು. ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದರು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಬೇಡಿಕೆ ಒಪ್ಪಿದೆ. ತಿಂಗಳ ಸಂಬಳ, ಚಿಕಿತ್ಸೆ, ಎರಡೂ ಸರ್ಕಾರದಿಂದ. ಸಂಬಳ ಇಲ್ಲದೆ ಇನ್ನು ಯಾರನ್ನೂ ತಂಡದಲ್ಲಿ ಆಡಿಸೋ ಹಾಗಿಲ್ಲ. ನಿಮ್ಮ ಮಾತನ್ನೇ ನಿಯಮ ಮಾಡಿದ್ದೀವಿ. ಈ ಹುಡುಗಿಯರಿಗೆ ಇನ್ನೊಂದು ದಿನ ಆಯ್ಕೆ ಸ್ಪರ್ಧೆನೂ ಇಡ್ತೀವಿ."

ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆದರೆ ಅಧ್ಯಕ್ಷೆ ಇನ್ನೂ ಕನ್ನಡಕ ಹಾಕಿಕೊಂಡಿರಲಿಲ್ಲ. ಅವರ ಕಣ್ಣು ಉದ್ದಕ್ಕನ ಮೇಲಿತ್ತು.

"ಆದ್ರೆ ಹಣಕಾಸು ಇಲಾಖೆಯವರು ವಯಸ್ಸಿನ ಮಿತಿ ಹಾಕಿದ್ದಾರೆ. ಎಳೆಯರ ಮೇಲೆ ಮಾತ್ರ ಖರ್ಚು ಮಾಡ್ತಾರಂತೆ... ನೀವು ಆ ಮಿತಿ ದಾಟಿದ್ದೀರಿ, ಅಮ್ಮ. ನಾನು ಎಷ್ಟು ಹೇಳಿದ್ರೂ ಅವರು ಕೇಳಲಿಲ್ಲ. ಬೇಡ ಅಂದ್ರೆ ಎಲ್ಲಾ ಮತ್ತೆ ಸಮಿತಿಗೆ ಹೋಗುತ್ತೆ. ಆಮೇಲೆ ಯಾವಾಗ ಬರುತ್ತೋ ನನ್ನ ಕೈಲಿಲ್ಲ."

ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಸಂಬಳವಿಲ್ಲದವರು ಆಡುವಂತಿಲ್ಲ. ಅವಳಿಗೆ ಸಂಬಳವಿಲ್ಲ. ಅವಳೇ ಕೇಳಿ ಪಡೆದ ನಿಯಮ ಅವಳನ್ನೇ ದೋಣಿಯಿಂದ ಇಳಿಸಿತ್ತು!

"ಹಾಗಾದ್ರೆ ನಮಗೆ ಬೇಡ!" ಗುಬ್ಬಿ ಚೀರಿದಳು. "ಅಕ್ಕ ಇಲ್ದೆ ನಾವು ಹತ್ತಲ್ಲ!"

ಉಳಿದಿಬ್ಬರೂ ಎದ್ದು ನಿಂತರು. ಉದ್ದಕ್ಕ ಒಂದು ಲೋಟ ನೀರು ಕೇಳಿದಳು. ಕುಡಿದಳು. ಲೋಟವನ್ನು ಮೇಜಿನ ಮೇಲಿಟ್ಟಳು. ಸೆಣಸಬೇಕು ಅನ್ನಿಸಲಿಲ್ಲವೆಂದಲ್ಲ. ಒಂದು ಕ್ಷಣ ಆ ಮೇಜನ್ನೇ ಎತ್ತಿ ಬಿಸಾಡುವಷ್ಟು ಸಿಟ್ಟು ಬಂದಿತ್ತು. ಆದರೆ ಸಮಿತಿಗೆ ಹೋದದ್ದು ವಾಪಸು ಬರುವ ಹೊತ್ತಿಗೆ ಈ ಮೂವರೂ ಅದೇ ಮಿತಿ ದಾಟಿರುತ್ತಾರೆ. ಅಷ್ಟು ಅವಳಿಗೆ ತಿಳಿಯುತ್ತಿತ್ತು.

"ಕೂತ್ಕೊಳ್ರೇ," ಎಂದಳು ಹುಡುಗಿಯರಿಗೆ. ಆಮೇಲೆ ಅಧ್ಯಕ್ಷೆಯತ್ತ ತಿರುಗಿದಳು. "ಒಪ್ಪಿದೆ ಮೇಡಂ. ಬರ್ಕೊಳ್ಳಿ."

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ನಡೆದದ್ದನ್ನೆಲ್ಲ ಕೇಳಿ, "ಅಂದ್ರೆ ಎಲ್ಲರಿಗೂ ಸಿಕ್ತು. ನಿನಗೆ?" ಎಂದರು.

"ನನಗೆ ಏನೂ ಇಲ್ಲ ಅತ್ತೆ."

ಬೈಗುಳ ಬರುತ್ತದೆಂದು ಉದ್ದಕ್ಕ ತಲೆ ತಗ್ಗಿಸಿ ನಿಂತಳು. ಬಯ್ದರೆ ಬಯ್ಯಲಿ, ಇವತ್ತು ಯಾವುದೂ ನಾಟುವುದಿಲ್ಲ ಅನ್ನಿಸಿತ್ತು. ಅತ್ತೆ ಅವಳ ಎರಡೂ ಕೈ ಹಿಡಿದು ಅಂಗೈ ಮೇಲೆ ಮಾಡಿ ನೋಡಿದರು. ಒಡೆದು, ಗಟ್ಟಿಯಾಗಿ, ಮತ್ತೆ ಒಡೆದು ತೊಗಟೆಯಂತಾಗಿದ್ದ ಅಂಗೈ. ಬೋಗುಣಿಯಲ್ಲಿ ಬೆಚ್ಚನೆ ನೀರು ತಂದು ಅವಳನ್ನು ಕೂರಿಸಿ ಆ ಕೈಗಳನ್ನು ಅದರೊಳಗಿಟ್ಟರು.

"ಈ ಕೈಲಿ ಸೂಜಿ ಹಿಡಿದ್ರೆ ಸೂಜಿನೇ ಮುರಿಯುತ್ತೆ," ಎಂದು ಗೊಣಗಿದರು. "ಮೊದಲು ಮೆತ್ತಗಾಗ್ಲಿ. ಆಮೇಲೆ ಹೊಲಿಗೆ ಹೇಳಿಕೊಡ್ತೀನಿ." ಹೇಳುತ್ತ ಹೇಳುತ್ತ ಮುಖ ಬಗ್ಗಿಸಿದರು. ಒಂದು ಹನಿ ಬೋಗುಣಿಗೆ ಬಿತ್ತು. ಸೊಸೆ ಅದನ್ನು ನೋಡಿಯೂ ನೋಡದವಳಂತೆ ಇದ್ದಳು. ಅಷ್ಟು ಮರ್ಯಾದೆಯನ್ನು ಇಬ್ಬರೂ ಒಬ್ಬರಿಗೊಬ್ಬರು ಉಳಿಸಿಕೊಟ್ಟರು.

ಗುಬ್ಬಿಯ ಪಕ್ಕೆ ಕೂಡಿಕೊಂಡಿತು. ಉದ್ದಕ್ಕ ತನ್ನ ಜಾಗಕ್ಕೆ ಬಂದ ಹೊಸಬಳನ್ನು ದಂಡೆಯಲ್ಲಿ ನಿಂತೇ ತಿದ್ದಿದಳು. ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಬಿಡಬೇಕು, ಹಿಂದಿನವರು ದಣಿದದ್ದು ದೋಣಿಯ ನಡುಕದಲ್ಲಿ ಹೇಗೆ ತಿಳಿಯುತ್ತದೆ, ಎಲ್ಲವನ್ನೂ ಬಚ್ಚಿಡದೆ ಹೇಳಿಕೊಟ್ಟಳು. ಮೊದಮೊದಲು ದಂಡೆಯಿಂದ ನೋಡುವಾಗ ಕರುಳು ಕಿತ್ತು ಬರುತ್ತಿತ್ತು. ಬರಬರುತ್ತ ಬರೀ ಸುಸ್ತು ಉಳಿಯಿತು. ದೋಣಿ ಆಯ್ಕೆ ಸ್ಪರ್ಧೆ ದಾಟಿತು.

ಅವರು ವಿಶ್ವ ಸ್ಪರ್ಧೆಗೆ ಹೊರಟ ಮಧ್ಯಾಹ್ನ ಗಂಡಹೆಂಡತಿ ಇಬ್ಬರೂ ರೈಲು ನಿಲ್ದಾಣಕ್ಕೆ ಹೋದರು. ಅತ್ತೆ ಬರಲಿಲ್ಲ. ಬುತ್ತಿ ಕಟ್ಟಿಕೊಟ್ಟು, "ಆ ಗುಬ್ಬಿಗೆ ಹೇಳು, ತಟ್ಟೆಯಲ್ಲಿ ಬಿಟ್ರೆ ಗೊತ್ತಾಗುತ್ತೆ ನನಗೆ ಅಂತ" ಎಂದಷ್ಟೇ ಹೇಳಿ ಕಳಿಸಿದರು. ಗುಬ್ಬಿ ಕಿಟಕಿಯಿಂದ ಕೈ ಚಾಚಿ ಅವಳ ಕೈ ಹಿಡಿದಳು. ರೈಲು ಹೊರಟರೂ ಬಿಡಲಿಲ್ಲ. ಉದ್ದಕ್ಕ ಅದರ ಜೊತೆಯಲ್ಲೇ ಪ್ಲಾಟ್‌ಫಾರಂ ಮುಗಿಯುವವರೆಗೆ ಉದ್ದುದ್ದ ಹೆಜ್ಜೆ ಹಾಕಿ, ಕೊನೆಗೆ ತಾನೇ ಬಿಡಿಸಿಕೊಂಡಳು. "ಎಳೆಯೇ! ಚೆನ್ನಾಗಿ ಎಳೆ!" ಎಂದು ಕೂಗಿದಳು. ಕೇಳಿಸಿತೋ ಇಲ್ಲವೋ...

ಹೊರಗೆ ಬಸ್ ತಂಗುದಾಣದ ಬೆಂಚಿನ ಮೇಲೆ ಇಬ್ಬರೂ ಕೂತರು. ಬಿಸಿಲು ಇಳಿಮುಖವಾಗಿತ್ತು. ಗಂಡ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ರಸ್ತೆ ನೋಡುತ್ತಿದ್ದ.

"ಆವತ್ತು ನಾನು ಒಪ್ಕೋ ಅನ್ನಬಾರದಿತ್ತು," ಎಂದ.

"ಅನ್ನಬೇಕಾದ್ದನ್ನೇ ಅಂದ್ರಿ. ಮೊದಲೇ ಅನ್ನಬೇಕಿತ್ತು."

"ನಿನಗೆ ಬೇಜಾರಾಗಿದ್ಯಾ?"

ಅವಳು ಯೋಚಿಸಿದಳು. ಬೇಜಾರು, ದುಃಖ, ಸಿಟ್ಟು, ಒಂದೊಂದನ್ನೇ ಮನಸ್ಸಿನಲ್ಲಿ ಮುಟ್ಟಿ ನೋಡಿದಳು. ಎಲ್ಲ ಇದ್ದವು, ಯಾವುದೂ ಎದ್ದು ಬರುವಷ್ಟು ಚುರುಕಾಗಿರಲಿಲ್ಲ. "ಇವತ್ತು ಬೇಡ, ನಾಳೆ ಕೇಳಿ," ಎಂದಳು. "ಇವತ್ತು ತುಂಬಾ ಸುಸ್ತಾಗಿದೆ."

"ನನಗೂ," ಎಂದ ಅವನು.

ಅವಳು ತಲೆಯನ್ನು ಅವನ ಹೆಗಲ ಮೇಲೆ ಇಟ್ಟಳು. ಎತ್ತರ ಹೆಚ್ಚಾದ್ದರಿಂದ ಕೊರಳನ್ನು ಬಹಳ ಬಾಗಿಸಬೇಕಾಯಿತು. ಅವನು ನೆಟ್ಟಗೆ ಕೂತು ತನ್ನನ್ನು ಸ್ವಲ್ಪ ಎತ್ತರ ಮಾಡಿಕೊಂಡ. ಸ್ವಲ್ಪ ಹೊತ್ತಿಗೆ ಅವನ ತಲೆಯೂ ಅವಳ ತಲೆಗೆ ಒರಗಿತು.

ಅವರ ಬಸ್ಸು ಬಂದು ನಿಂತಿತು. ಡಿಪೋದ ಮೆಕ್ಯಾನಿಕ್ಕನ್ನು ಬಲ್ಲ ಡ್ರೈವರು ಹಾರ್ನ್ ಒತ್ತಲು ಕೈ ಎತ್ತಿದವನು ಕಿಟಕಿಯಿಂದ ಬಗ್ಗಿ ನೋಡಿದ. ಇಬ್ಬರೂ ಬಾಯಿ ತೆರೆದು ಮಕ್ಕಳಂತೆ ನಿದ್ದೆ ಹೋಗಿದ್ದರು. ಅವನು ಕೈ ಇಳಿಸಿದ. ಸದ್ದಾಗದ ಹಾಗೆ ಗೇರು ಬದಲಿಸಿ, ಬಸ್ಸನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟ.